ಹೊರೆಪಟ್ಟಿಯ ಆರನೆಯ ಸಾಲು

ನಾಸಿಕ್ ರೋಡ್
ಸೋಮವಾರ, 18 ಫೆಬ್ರುವರಿ 2013

ಪ್ರೀತಿಯ ಮಂದಾಕಿನಿಗೆ,

ಮದುವೆಯಾದಾಗಿನಿಂದ ನಿನಗೆ ಪತ್ರ ಬರೆಯುವಾಗಲೆಲ್ಲ ಮೊದಲ ಸಾಲಿನಲ್ಲಿ ಆಶೀರ್ವಾದ ಮಾಡುವುದು ನನ್ನ ರೂಢಿ. ಈ ಸಲ ಆಶೀರ್ವಾದ ಮಾಡುವ ಸ್ಥಿತಿಯಲ್ಲಿ ನಾನಿಲ್ಲ, ಬೇಡಿಕೊಳ್ಳುವ ಸ್ಥಿತಿಯಲ್ಲಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಮಧುರಾಳ ಮನೆ ಮೂರನೆಯ ಮಹಡಿ, ಅಲ್ಲಿಯ ಲಿಫ್ಟು ಆಗಾಗ ಮುಷ್ಕರ ಹೂಡುತ್ತದೆಂದು ಅಳಿಯ ಅತುಲ್ ಹೇಳಿದ್ದ. ತರಕಾರಿಗೆಂದು ದಿನಕ್ಕೆ ಎರಡೆರಡು ಸಲ ಇಳಿದು ಹತ್ತಬೇಡ. ಔರಂಗಾಬಾದಿನ ನೀರು ನಿನಗೆ ಒಗ್ಗಿದೆಯೋ ಇಲ್ಲವೋ, ಕುದಿಸಿಯೇ ಕುಡಿ. ನನ್ನ ಆರೋಗ್ಯದ ವಿಷಯ ಮುಂದೆ ಬರುತ್ತದೆ. ಸದ್ಯಕ್ಕೆ ನಾನು ಬೋರಲಾಗಿ ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾದರೆ ಮನಸ್ಸು ವಕ್ರವೆಂದು ತಿಳಿಯಬೇಡ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮಗಳು ಎತ್ತಿ “ಆಯಿ ಬಿಝಿ ಆಹೇ, ಪಪ್ಪಾ” ಎನ್ನುತ್ತಾಳೆ. ಅವಳ ಹಿಂದೆಯೇ ನೀನು ಟಿವಿ ನೋಡುತ್ತ ನಗುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನೀನು ಹೋಗುವ ದಿನ ರಿಕ್ಷಾದಲ್ಲಿ ಕೂತು ಹೇಳಿದ ಮಾತು ನೆನಪಿದೆಯಲ್ಲ: “ಮೊದಲ ಆ ಟೆಂಟಿನ್ಯಾಗ ಒಬ್ಬರ ಒಂದ ರಾತ್ರಿ ಮಲಗಿ ನೋಡ್ರಿ. ಅಡಗಿನೂ ನೀವ ಮಾಡ್ಕೋರಿ. ಆಮ್ಯಾಲೆ ಏನ ಹೇಳೂದದ, ಬರದ ಕೊಡ್ರಿ. ಓದಿ ನೋಡಿ, ಸಹಿ ಮಾಡೂದೋ ಬಿಡೂದೋ ಹೇಳ್ತೀನಿ.” ಬ್ಯಾಂಕಿನ ಕೌಂಟರಿನಲ್ಲಿ ಕೂತು ಮೂವತ್ತನಾಲ್ಕು ವರ್ಷ ಕಂಡಕಂಡವರನ್ನೆಲ್ಲ ‘ಲಿಖಿತದಲ್ಲಿ ಕೊಡಿ’ ಎಂದು ವಾಪಸು ಕಳಿಸಿದ ಪಾಪ ಈಗ ಬಡ್ಡಿ ಸಮೇತ ನನ್ನ ಮನೆಗೇ ಬಂದಿದೆ. ಆದ್ದರಿಂದ ಇದನ್ನು ಪತ್ರ ಎಂದಾದರೂ ಓದು, ವರದಿ ಎಂದಾದರೂ ಓದು.

ಯೋಜನೆ ನಿನಗೆ ಗೊತ್ತಿದ್ದದ್ದೇ. ಆದರೂ ಲಿಖಿತದಲ್ಲಿ ಇರಲಿ. ಮೇ ಕೊನೆಗೆ ನನ್ನ ನಿವೃತ್ತಿ, ಜೂನ್ ಹತ್ತಕ್ಕೆ ವಿಮಾನ. ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಡಿಗೆಗೆ ಮೋಟರ್‌ಸೈಕಲ್ ಹಿಡಿದು ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್‌ಲೆಂಡ್ ಸುತ್ತಿ ಇಪ್ಪತ್ತೊಂದು ದಿನಕ್ಕೆ ಮತ್ತೆ ಮ್ಯೂನಿಕ್. ಹೋಟೆಲಿನಲ್ಲಿ ಇಳಿದರೆ ನನ್ನ ಗ್ರಾಚ್ಯುಟಿ ಇಟಲಿ ಮುಟ್ಟುವ ಮೊದಲೇ ಮುಗಿದು ನಾವಿಬ್ಬರೂ ಅಲ್ಲೇ ಪಾತ್ರೆ ತೊಳೆಯಬೇಕಾದೀತು, ಅದಕ್ಕೇ ಟೆಂಟು. ಅಲ್ಲಿ ಊರೂರಿಗೆ ಟೆಂಟು ಹಾಕುವ ಮೈದಾನಗಳಿವೆಯಂತೆ, ಬಿಸಿನೀರು ಸಿಗುತ್ತದಂತೆ. ಊಟಕ್ಕೆ ಅವಲಕ್ಕಿ, ಹುರಿದ ರವೆ, ನಿನ್ನ ಕೈಯ ಮೆಂತ್ಯದಹಿಟ್ಟು. ಇದಕ್ಕೆಲ್ಲ ಸಲಹೆಗಾರ ನಮ್ಮ ಸುಧೀರ. ಇಲ್ಲಿಯ ನೋಟು ಮುದ್ರಿಸುವ ಪ್ರೆಸ್ಸಿನಿಂದ ನಿವೃತ್ತನಾದ ಮೇಲೆ ಅವನಿಗೆ ಯುರೋಪಿನ ನಕಾಶೆ ಬಾಯಿಪಾಠವಾಗಿದೆ. ಆಲ್ಪ್ಸ್ ಪರ್ವತದ ಯಾವ ತಿರುವಿನಲ್ಲಿ ಎಷ್ಟನೆಯ ಗೇರು ಹಾಕಬೇಕೆಂದು ಹೇಳುತ್ತಾನೆ, ತಾನು ಮಾತ್ರ ಸ್ಕೂಟರಿನಲ್ಲಿ ಶಿರಡಿಯ ಆಚೆಗೆ ಹೋದವನಲ್ಲ.

ಎಡವಟ್ಟಾದದ್ದು ಹೊರೆಪಟ್ಟಿಯಲ್ಲಿ. ಗಾಡಿಯ ಮೇಲೆ ಎಷ್ಟು ಭಾರ ಹೇರಬಹುದೆಂದು ನಾವಿಬ್ಬರೂ ಕೂತು ಪಟ್ಟಿ ಮಾಡಿದೆವು. ಒಂದು, ಟೆಂಟು. ಎರಡು, ಹಾಸಿಗೆ. ಮೂರು, ಸ್ಟೋವು. ನಾಲ್ಕು, ಪಾನಾ ಮತ್ತು ಸ್ಕ್ರೂಡ್ರೈವರು. ಐದು, ಅಡುಗೆಯ ಸಾಮಾನು. ಆರು, ಮಂದಾಕಿನಿ, ಎಪ್ಪತ್ತೊಂದು ಕಿಲೋ. ಕೊನೆಗೆ ಷರಾ: ‘ಸಾಧ್ಯವಾದಷ್ಟು ಕಡಿಮೆ ಮಾಡತಕ್ಕದ್ದು.’ ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಬೇಕೆಂಬುದು ಬ್ಯಾಂಕಿನ ಕಟ್ಟಳೆ, ಪ್ರೆಸ್ಸಿನದೂ ಅದೇ. ಸುಧೀರ ಪ್ರತಿ ಸಾಲಿಗೂ ಕೆಂಪು ಪೆನ್ನಿನಿಂದ ಟಿಕ್ ಹಾಕಿದ, ಆರನೆಯದಕ್ಕೂ ಹಾಕಿದ, ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಸಹಿ ಮಾಡಿದ. ಇಬ್ಬರು ಜವಾಬ್ದಾರಿಯುತ ಗಂಡಸರ ಕಣ್ಣು ತಪ್ಪಿಸಿದ ದೋಷ ನಿನ್ನ ಕಣ್ಣಿಗೆ ಒಂದೇ ಕ್ಷಣದಲ್ಲಿ ಬಿತ್ತು. ಆ ಪಟ್ಟಿಯನ್ನು ಉಪ್ಪಿನಕಾಯಿ ಭರಣಿಯ ಕೆಳಗೆ ಇಟ್ಟದ್ದೇ ನನ್ನ ತಪ್ಪೆಂದು ನಾನು ಮೊನ್ನೆಯವರೆಗೂ ತಿಳಿದಿದ್ದೆ.

ಎಪ್ಪತ್ತೊಂದು ಎಲ್ಲಿಂದ ತಂದಿರಿ ಎಂದು ನೀನು ಕೂಗಾಡಿದೆ. ಅದು ಊಹೆಯಲ್ಲ, ದಾಖಲೆಯಿದೆ. ದೀಪಾವಳಿ ಮುಗಿಸಿ ಧಾರವಾಡದಿಂದ ಬಂದಿಳಿದ ದಿನ ಇಲ್ಲಿಯ ಸ್ಟೇಷನ್ನಿನ ತೂಕದ ಯಂತ್ರದ ಬಣ್ಣದ ದೀಪ ನೋಡಿ ನೀನೇ ಆಸೆಪಟ್ಟೆ. ನಾನು ಜೇಬೆಲ್ಲ ತಡಕಿ ನಾಣ್ಯ ಹುಡುಕಿ ಹಾಕಿದೆ, ನೀನು ಹತ್ತಿ ನಿಂತೆ. ಆ ಚೀಟಿ ಇನ್ನೂ ನನ್ನ ಪಾಕೀಟಿನಲ್ಲಿದೆ. ಅದರ ಬೆನ್ನಿಗೆ ‘ನಿಮ್ಮ ತಾಳ್ಮೆಗೆ ಶೀಘ್ರದಲ್ಲೇ ಫಲ ಸಿಗಲಿದೆ’ ಎಂಬ ಭವಿಷ್ಯವೂ ಇದೆ. ಯಾರ ತಾಳ್ಮೆಗೆ ಎಂದು ಯಂತ್ರ ಹೇಳಿಲ್ಲ.

ಈಗ ಪರೀಕ್ಷೆಯ ವಿಷಯ. ದಾರಿಯ ನಡುವಿನ ಯೇವಲಾದಲ್ಲಿ ಶನಿವಾರ ರಾತ್ರಿ ಟೆಂಟಿನಲ್ಲಿ ಮಲಗುವುದು, ಭಾನುವಾರ ಔರಂಗಾಬಾದ್ ತಲುಪಿ ವರದಿಯನ್ನು ನಿನ್ನ ಕೈಗೇ ಕೊಡುವುದು, ಇದು ನನ್ನ ಆಲೋಚನೆ. ಅರ್ಧ ದಿನದ ಬ್ಯಾಂಕು ಮುಗಿಸಿ ಬುಲೆಟ್ಟಿಗೆ ಸಾಮಾನು ಬಿಗಿದು ಹೊರಟೆ. ಯೇವಲಾ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ನಿನಗೊಂದು ಪೈಠಣಿ ಒಯ್ದರೆ ಪರೀಕ್ಷಕರ ಮನಸ್ಸು ಮೆತ್ತಗಾದೀತೆಂದು ಒಂದು ನೇಕಾರರ ಮನೆಯ ಅಂಗಡಿ ಹೊಕ್ಕೆ. ಅವರು ನವಿಲಿನ ಸೆರಗು ಬಿಡಿಸಿ ತೋರಿಸಿದರು. ಹೊರೆಪಟ್ಟಿ ತಲೆಯೊಳಗೆ ಎಷ್ಟು ಕೂತಿತ್ತೆಂದರೆ ನಾನು ಬೆಲೆ ಕೇಳುವ ಮೊದಲು ತೂಕ ಕೇಳಿದೆ. ಆ ಮನುಷ್ಯ ಸೀರೆ ಮಡಚಿ ಒಳಗಿಟ್ಟು, ಹಳೆಯ ಜರಿ ಕೊಳ್ಳುವವರ ಅಂಗಡಿ ಮುಂದಿನ ಓಣಿಯಲ್ಲಿದೆ ಎಂದ. ಆದ್ದರಿಂದ ಪೈಠಣಿಯಿಲ್ಲ, ಕ್ಷಮೆಯಿರಲಿ.

ಊರಾಚೆ ಹೊಸ ಗೋದಾಮೊಂದರ ಕಟ್ಟಡದ ಪಕ್ಕದ ಬಯಲಿನಲ್ಲಿ ಟೆಂಟು ಬಿಚ್ಚಿದೆ. ಐದು ನಿಮಿಷದಲ್ಲಿ ನಿಲ್ಲುತ್ತದೆಂದು ಅದರ ಜೊತೆಗಿನ ಪುಸ್ತಿಕೆ ಹೇಳುತ್ತದೆ. ಕೋಲಿನ ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿ ಹಾರಿ ಬಂದು ನನ್ನ ಕನ್ನಡಕ ಹುಡುಕುತ್ತಿತ್ತು. ಕಪ್ಪು ಮಣ್ಣು ಒಣಗಿ ಬಿರುಕು ಬಿಟ್ಟಿದ್ದರಿಂದ ಗೂಟ ಒಂದು ಕಡೆ ಇಳಿಯಲೇ ಇಲ್ಲ, ಇನ್ನೊಂದು ಕಡೆ ಬಿರುಕಿನೊಳಗೆ ಬಿದ್ದು ಕಾಣೆಯೇ ಆಯಿತು. ಮುಕ್ಕಾಲು ಗಂಟೆಯ ಮೇಲೆ ನಾನು ಟೆಂಟಿಗೆ “ನಿನ್ನ ಹೆಣಾ ಎತ್ಲಿ” ಎಂದು ಗಟ್ಟಿಯಾಗಿ ಬೈದೆ. ಹಿಂದಿನಿಂದ ಯಾರೋ ನಕ್ಕರು. “ನಮ್ಮ ಮಾತಿನ್ಯಾಗ ಬೈಯಾಕ ಹತ್ಯಾರ ನೋಡು!”

ಹಾಗೆ ಸಿಕ್ಕವಳು ಭಾಗವ್ವ. ಅವಳೂ ಅವಳ ಗಂಡ ಚಂದ್ರಾಮಪ್ಪನೂ ಬಿಜಾಪುರದ ಇಂಡಿ ಕಡೆಯವರು, ಆ ಗೋದಾಮು ಕಟ್ಟುವ ಕೆಲಸಕ್ಕೆ ಬಂದವರು. ಬಯಲಿನ ಆ ಅಂಚಿನಲ್ಲಿ ನೀಲಿ ತಾಡಪತ್ರಿಯ ಜೋಪಡಿಗಳ ಸಾಲಿನಲ್ಲಿ ಅವರ ವಾಸ. ಭಾಗವ್ವ ನನ್ನ ಬಿಳಿ ಕೂದಲು, ಇಸ್ತ್ರಿ ಪ್ಯಾಂಟು, ಗಂಟುಮೂಟೆ ಎಲ್ಲವನ್ನೂ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: “ಯಾಕ್ರಿ ಯಪ್ಪಾ, ಮನ್ಯಾಗಿಂದ ಹೊರಗ ಹಾಕ್ಯಾರೇನು?” ನಾನು ನಗುತ್ತ ಎಲ್ಲವನ್ನೂ ವಿವರಿಸಿದೆ. ಯುರೋಪಿಗೆ ಹೋಗುವುದು, ಅಲ್ಲಿ ಟೆಂಟಿನಲ್ಲೇ ಇರುವುದು, ಅದಕ್ಕಾಗಿ ಇಲ್ಲಿ ಪ್ರಾಕ್ಟೀಸು ಮಾಡುತ್ತಿರುವುದು. ಚಂದ್ರಾಮಪ್ಪ ಬೀಡಿ ಆರಿಸಿ ಶಾಂತವಾಗಿ ಹೇಳಿದ: “ಹನ್ನೊಂದ ವರ್ಷಾತು ಸಾಹೇಬ್ರ, ನಾವೂ ಪ್ರಾಕ್ಟೀಸ್ ಮಾಡಾಕ ಹತ್ತೀವಿ. ನಮ್ಮನ್ನ ಯಾರೂ ಯುರೋಪಿಗೆ ಕರೀಲಿಲ್ಲ.” ಅವನು ನಕ್ಕ ಮೇಲೆ ನಾನೂ ನಕ್ಕೆ, ಆದರೆ ಆ ಮಾತು ಇನ್ನೂ ನನ್ನೊಳಗೆ ಕೂತಿದೆ.

ಭಾಗವ್ವ ಮಾತ್ರ ಯುರೋಪನ್ನು ನಂಬಲೇ ಇಲ್ಲ. ಮನೆಯಿದ್ದವರು ರೊಕ್ಕ ಕೊಟ್ಟು ಬಯಲಲ್ಲಿ ಮಲಗುತ್ತಾರೆಂದರೆ ಅವಳಾದರೂ ಹೇಗೆ ನಂಬಬೇಕು? “ಮುಚ್ಚಿಡಬ್ಯಾಡ್ರಿ, ಜಗಳಾಗೇತಿ” ಎಂದು ತೀರ್ಪು ಕೊಟ್ಟಳು. ಜಗಳ ಆಗಿದ್ದೂ ನಿಜವೇ ಆದ್ದರಿಂದ ಹೊರೆಪಟ್ಟಿಯ ಕಥೆ ಹೇಳಿಬಿಟ್ಟೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ಹೇಣ್ತೀನ ಸಾಮಾನಿನ ಜೋಡಿ ಬರದೀರಿ? ಈಟ ವರ್ಸದಾಗ ಎಷ್ಟ ಸಲ ಜೋಪಡಿ ಕಿತ್ತೀವೋ ಏನೋ. ಕಿತ್ತಾಗೆಲ್ಲ ಸಾಮಾನು ನಾ ಹೊತ್ತೀನ್ರಿ. ನನ್ನ ಹೊತ್ತವರನ್ನ ಇನ್ನೂ ಕಂಡಿಲ್ಲ.” ಚಂದ್ರಾಮಪ್ಪ ಆರಿದ ಬೀಡಿಯನ್ನು ಮತ್ತೆ ಹಚ್ಚುವುದರಲ್ಲಿ ಬಹಳ ಮಗ್ನನಾದ.

ಆಮೇಲೆ ಅವಳೇ ಕೋಲಿನ ಆ ತುದಿ ಹಿಡಿದಳು, ನಾನು ಈ ತುದಿ ಹಿಡಿದೆ. ಟೆಂಟು ಎದ್ದು ನಿಂತಿತು. ಅಷ್ಟೇ ಇದ್ದದ್ದು ಕೆಲಸ. ಪುಸ್ತಿಕೆಯಲ್ಲಿ ಚಿತ್ರಗಳಿದ್ದವೇ ಹೊರತು ಇಬ್ಬರು ಬೇಕೆಂದು ಎಲ್ಲೂ ಬರೆದಿರಲಿಲ್ಲ. ಚಂದ್ರಾಮಪ್ಪ ಕಬ್ಬಿಣದ ಸರಳಿನ ತುಂಡುಗಳನ್ನು ತಂದು ಗೂಟ ಹೊಡೆದ, ಬಾಗಿಲನ್ನು ಗಾಳಿಗೆ ಬೆನ್ನಾಗಿ ತಿರುಗಿಸಿದ, ಮೂಲೆಗಳಿಗೆ ಕಲ್ಲು ಹೇರಿದ. ಸ್ವಂತ ಅಡುಗೆಯ ಷರತ್ತಿನ ಪ್ರಕಾರ ನಾನು ಉಪ್ಪಿಟ್ಟು ಮಾಡಿದೆ. ಅವರ ನಾಯಿ ಅದನ್ನು ಮೂಸಿ ನೋಡಿ, ನನ್ನ ಮುಖವನ್ನೂ ಒಮ್ಮೆ ನೋಡಿ ಹೊರಟುಹೋಯಿತು. ನಾನು ಉಂಡದ್ದು ಭಾಗವ್ವ ಬಡಿದ ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಇದನ್ನು ಮುಚ್ಚಿಟ್ಟರೆ ವರದಿ ಸುಳ್ಳಾಗುತ್ತದೆ.

ನಿದ್ದೆ ಸೊಗಸಾಗಿ ಬಂತು. ಎದ್ದೇಳುವುದು ಮಾತ್ರ ಬರಲಿಲ್ಲ. ಬೆಳಿಗ್ಗೆ ನನ್ನ ತಲೆ ಮತ್ತು ಎರಡು ಕೈ ಟೆಂಟಿನ ಹೊರಗೆ, ಸೊಂಟ ಒಳಗೆ. ಸೊಂಟ ಹಿಡಿದುಕೊಂಡು ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ಅರ್ಧ ತಾಸು ಆಮೆಯ ಹಾಗೆ ಇದ್ದೆ. ಭಾಗವ್ವ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟಳು. ಗಾಡಿ ಓಡಿಸುವ ಮಾತೇ ಇರಲಿಲ್ಲ. ಅವರ ಗುತ್ತಿಗೆದಾರನ ಟೆಂಪೋ ಕಾಂಕ್ರೀಟಿಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆಗಳನ್ನು ಇಳಿಸಲು ನಾಸಿಕ್ ರೋಡಿಗೆ ಬರುವುದಿತ್ತು, ಹಲಗೆಗಳ ಮೇಲೆ ನನ್ನನ್ನು ಮಲಗಿಸಿದರು, ಪಕ್ಕದಲ್ಲಿ ಬುಲೆಟ್ಟನ್ನು ಕಟ್ಟಿದರು. ಆಕಾಶ ನೋಡುತ್ತ ಊರಿಗೆ ಬಂದೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಟೆಂಪೋ, ಹಾಸಿಗೆ, ಸ್ಟೋವು, ನನ್ನನ್ನು ಎಲ್ಲ ನೋಡಿ ಮರುಕದಿಂದ ಕೇಳಿದ: “ಸಾಹೇಬ, ಬದಲೀ ಝಾಲೀ ಕಾ?”

ವರ್ಗವಾಯಿತೇ ಎಂದು ಅವನು ಕೇಳಿದ್ದು ಹಾಸ್ಯಕ್ಕಲ್ಲ, ಆದರೆ ನನಗೆ ನನ್ನ ನೌಕರಿಯ ಏಳು ವರ್ಗಗಳೂ ಒಂದಾದ ಮೇಲೊಂದು ನೆನಪಾದವು. ಹುಬ್ಬಳ್ಳಿ, ರಾಯಚೂರು, ಸೊಲ್ಲಾಪುರ, ಲಾತೂರು, ಹೀಗೆ ಪ್ರತಿ ಸಲವೂ ನಾನು ಬ್ರೀಫ್‌ಕೇಸಿನಲ್ಲಿ ಆದೇಶದ ಕಾಗದ ಇಟ್ಟುಕೊಂಡು ರೈಲು ಹತ್ತಿ ಹೊಸ ಊರಿನಲ್ಲಿ ಹಾಜರಾದೆ. ಗ್ಯಾಸು ಮರಳಿಸಿದವಳು ನೀನು, ಮಧುರಾಳ ಶಾಲೆಯ ಟಿ.ಸಿ. ತಂದವಳು ನೀನು, ಗಾಜಿನ ಲೋಟಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಲಾರಿಗೆ ಏರಿಸಿದವಳೂ ನೀನೇ. ಏಳು ಊರು ದಾಟಿಯೂ ಆ ಲೋಟಗಳಲ್ಲಿ ಒಂದೂ ಒಡೆದಿಲ್ಲ. ಇಂಥವಳನ್ನು ಸ್ಟೋವು, ಪಾನಾಗಳ ಕೆಳಗೆ ಬರೆದು ಕಡಿಮೆ ಮಾಡತಕ್ಕದ್ದು ಎಂದು ಷರಾ ಹಾಕಿದೆ. ಮಂದಾ, ನನಗೆ ನಾಚಿಕೆಯಾಗಿದೆ. ಉಪ್ಪಿನಕಾಯಿ ಭರಣಿಯದು ತಪ್ಪಿಲ್ಲ, ತಪ್ಪು ನನ್ನದು.

ಒಂದು ರಾತ್ರಿ ಮಲಗಿದೆ, ಆದರೆ ಒಬ್ಬನೇ ಟೆಂಟು ನಿಲ್ಲಿಸಲಿಲ್ಲ, ಅಡುಗೆ ಬೇಯಲಿಲ್ಲ, ಔರಂಗಾಬಾದ್ ಮುಟ್ಟಲಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ ನಾಪಾಸು. ವೀಸಾದ ಫಾರ್ಮು ಇದರೊಳಗಿದೆ, ನೀನು ಸಹಿ ಮಾಡಬೇಕಾದ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದೇನೆ. ಮಾರ್ಚ್ ಇಪ್ಪತ್ತಕ್ಕೆ ಮುಂಬೈಗೆ ಇಬ್ಬರೂ ಹೋಗಬೇಕು. ನೀನು ಸಹಿ ಮಾಡದಿದ್ದರೆ ನನ್ನ ಫಾರ್ಮನ್ನೂ ಹರಿದು ಹಾಕುತ್ತೇನೆ. ಇದು ಬೆದರಿಕೆಯಲ್ಲ. ಕೋಲಿಗೆ ಎರಡು ತುದಿಯಿದೆ, ಆ ತುದಿಯಲ್ಲಿ ನೀನಿಲ್ಲದಿದ್ದರೆ ನನಗೆ ಆಲ್ಪ್ಸೂ ಬೇಡ.

ಮಧುರಾಳಿಗೂ ಅತುಲ್‌ನಿಗೂ ನನ್ನ ಆಶೀರ್ವಾದ ತಿಳಿಸು. ಮಿಕ್ಕಿದ್ದನ್ನು ನೀನೇ ಇಟ್ಟುಕೊಂಡು, ಬೇಕೆನಿಸಿದಾಗ ನನಗೊಂದಿಷ್ಟು ಮರಳಿಸು.

ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ನಿನ್ನ ಉತ್ತರಕ್ಕೆ ಕಾದಿರುವ,
ನಿನ್ನ
ಅರವಿಂದ

ತಾ.ಕ. ಮಂಗಳವಾರ ಬೆಳಿಗ್ಗೆ, ಅವಸರದಲ್ಲಿ. ಈ ಪತ್ರ ತಂದುಕೊಟ್ಟವಳೇ ಭಾಗವ್ವ. ನೀನಿದನ್ನು ಓದುವಾಗ ಎದುರಿಗೇ ನಿಂತಿರುತ್ತಾಳೆ. ಅವರ ಮುಂದಿನ ಕೆಲಸ ಔರಂಗಾಬಾದಿನ ಚಿಕಲಠಾಣಾದಲ್ಲಿ, ಇಲ್ಲಿ ಹಲಗೆ ತುಂಬಿಕೊಳ್ಳಲು ಅವಳನ್ನೂ ಕರೆತಂದ ಟೆಂಪೋ ಈಗ ಅಲ್ಲಿಗೇ ಹೊರಟಿದೆ. ಯುರೋಪನ್ನು ಅವಳು ಈಗಲೂ ನಂಬಿಲ್ಲ. ನೀನು ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದೀಯೆಂದೇ ತಿಳಿದು ರಾಜಿ ಮಾಡಿಸಲು ತಾನಾಗಿಯೇ ವಿಳಾಸ ಕೇಳಿ ಪಡೆದಿದ್ದಾಳೆ. “ಅಕ್ಕಾರ ಹೂಂ ಅನ್ನೂತನಕ ನಾ ಏಳಂಗಿಲ್ರಿ” ಎಂದಿದ್ದಾಳೆ, ಹೇಳಿದಂತೆ ಮಾಡುವವಳು. ಮೊದಲು ಒಳಗೆ ಕರೆದು ಕೂರಿಸಿ ಚಹಾ ಕೊಡು, ಮೂರು ಮಹಡಿ ಹತ್ತಿ ಬಂದಿದ್ದಾಳೆ. ಹೊರೆಪಟ್ಟಿಯನ್ನೂ ಇದರಲ್ಲಿ ಇಟ್ಟಿದ್ದೇನೆ. ಆರನೆಯ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದಾನೆ, ಇಷ್ಟು ಹೇಳಿ ಮುಗಿಸುತ್ತೇನೆ. ಎಪ್ಪತ್ತೊಂದು ತಪ್ಪು. ಅಂದು ಸ್ಟೇಷನ್ನಿನಲ್ಲಿ ನಾಣ್ಯ ಹುಡುಕಲೆಂದು ನನ್ನ ಚೀಲವನ್ನು ನಿನ್ನ ಕೈಗೆ ಕೊಟ್ಟಿದ್ದೆ, ವಾಪಸು ತೆಗೆದುಕೊಳ್ಳಲು ಮರೆತೆ. ನೀನು ಅದನ್ನು ಹಿಡಿದುಕೊಂಡೇ ತೂಕಕ್ಕೆ ನಿಂತಿದ್ದೆ.