ತಾತನಿಗೆ ಸಿಕ್ಕ ಸಂಖ್ಯೆ

ಮೇಷ್ಟ್ರಿಗೆ ನಮಸ್ಕಾರ.

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ನಿಮ್ಮ ಗೆಳೆಯರಾದ ತಾತನನ್ನು ನೋಡಿಕೊಳ್ಳುವ ಹುಡುಗಿ ಬರೆಯುತ್ತಿದ್ದೇನೆ.

ದಿನಾ ಅವರ ಗಡ್ಡ ಬೋಳಿಸುವಾಗ ನಾನು ಎರಡಕ್ಕಿಂತ ದೊಡ್ಡದೊಂದು ಸಮಸಂಖ್ಯೆ ಹೇಳಬೇಕು, ತಾತ ಅದನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಒಡೆಯಬೇಕು. ಹಾಗೆ ಒಡೆಯದ ಸಂಖ್ಯೆ ಎಲ್ಲಾದರೂ ಇದೆಯೋ ಇಲ್ಲವೋ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲವಂತೆ. ನೀವಿಬ್ಬರೂ ಜೀವಮಾನವೆಲ್ಲ ಅದನ್ನೇ ಹುಡುಕಿದಿರಂತೆ. ತಾತನಿಗೆ ಮರೆವು ಹೆಚ್ಚಾದ ಮೇಲೆ ನಾನು ಚಿಕ್ಕ ಸಂಖ್ಯೆಗಳನ್ನೇ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಎಂಟು ಎಂದೆ. ತುಂಬ ಹೊತ್ತು ಯೋಚಿಸಿ ನನ್ನ ಕೈ ಹಿಡಿದುಕೊಂಡರು. "ಸಿಕ್ಕೇಬಿಡ್ತಲ್ಲೇ ಹುಡುಗಿ! ಇದು ಒಡೆಯೋದೇ ಇಲ್ಲ! ಅವನನ್ನ ಕರೆಸು, ಹೊಟ್ಟೆ ಉರ್ಕೊಳ್ಳಲಿ" ಎಂದು ನಕ್ಕರು.

ಬೇಗ ಬನ್ನಿ. ದಯವಿಟ್ಟು ತಿದ್ದಬೇಡಿ. ಮೂರು, ಐದು ಎಂದು ಬಾಯಿಗೆ ಬಂದಿದ್ದರೂ ನಾನು "ಹೌದು ತಾತ" ಎಂದು ಕೆನ್ನೆಯ ಸೋಪು ಒರೆಸಿದೆ.

ಇಂತಿ,
ತಾತನ ಹುಡುಗಿ