ಚಹಾ ಅಂಗಡಿ ಎದುರು ನಿಲ್ಲಿಸಬೇಡಿ

ಸೋಮವಾರ, ಊಟದ ಬಿಡುವು
ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲಿಂದ

ತಪಾಸಣೆ ವ್ಯಾನಿನ ಡ್ರೈವರ್ ಸಾಹೇಬರಿಗೆ, ಅಂದರೆ ನನ್ನ ಗಂಡನಿಗೆ,

ನೀವು ಚೆನ್ನಾಗಿಯೇ ಇರುತ್ತೀರಿ, ನಾವಿಲ್ಲಿ ಚೆನ್ನಾಗಿಲ್ಲ. ಫೋನ್ ಮಾಡಿದರೆ ಎರಡನೇ ಮಾತಿಗೇ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ನಿಮ್ಮ ವ್ಯಾನಿನ ನರ್ಸಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಸ್ಥೆಯ ವ್ಯಾನ್ ಸಿಕ್ಕಿತು ಅಂತ ಕಾಲರ್ ಎತ್ತಿಕೊಂಡು ತಿರುಗಬೇಡಿ ಎಂದೆ, ಅಷ್ಟೇ ತಾನೆ? ಅಷ್ಟಕ್ಕೇ ಬ್ಯಾಗ್ ತುಂಬಿಕೊಂಡು ಸಂಸ್ಥೆಯ ಕೋಣೆಗೆ ಹೋಗಿ ಕೂತಿರಿ. ಇರಲಿ, ಆ ಜಗಳ ಇವತ್ತು ಬೇಡ. ಇವತ್ತಿನ ವಿಷಯ ನಿಮ್ಮ ಅಕ್ಕ.

ಅತ್ತಿಗೆಯ ಎದೆಯಲ್ಲಿ ಗಂಟು ಬಂದಿದೆ. ಇಲ್ಲಿ ಲಾಂಡ್ರಿಯಲ್ಲಿ ನನ್ನ ಪಕ್ಕ ಇಸ್ತ್ರಿ ಮಾಡುವಾಗ ತೋಳು ಎತ್ತಿದರೆ ಮುಖ ಕಿವುಚುತ್ತಿದ್ದರು. ನಾನೇ ಬೆನ್ನು ಬಿದ್ದು ಬಾಯಿ ಬಿಡಿಸಿದೆ. ನಿಮಗೆ ಹೇಳಬಾರದು ಅಂತ ಆಣೆ ಮಾಡಿಸಿಕೊಂಡಿದ್ದಾರೆ. ಮುರಿದಿದ್ದೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ಪ್ರತಿ ವಾರ ಬೀದಿಗೇ ವ್ಯಾನ್ ಬರುತ್ತಲ್ಲ, ಅದೂ ಪುಕ್ಕಟೆ, ಹತ್ತೋದಕ್ಕೇನು ಕಷ್ಟ ಅಂತ ನೀವು ಕೇಳೇ ಕೇಳುತ್ತೀರಿ. ಅಯ್ಯೋ ಮಹಾರಾಯರೇ! ಆ ವ್ಯಾನಿನ ಮೈಮೇಲೆ ಆಳೆತ್ತರದ ಅಕ್ಷರದಲ್ಲಿ ಏನು ಬರೆದಿದೆ ಅಂತ ಒಂದು ಸಲವಾದರೂ ಕೆಳಗಿಳಿದು ಓದಿದ್ದೀರಾ? ಸ್ತನ ಕ್ಯಾನ್ಸರ್ ತಪಾಸಣೆ! ಅದನ್ನು ತಂದು ಸರಿಯಾಗಿ ಚಹಾ ಅಂಗಡಿ ಎದುರಿಗೇ ನಿಲ್ಲಿಸುತ್ತೀರಿ. ಯಾಕೆ? ನಿಮಗೆ ಕೂತಲ್ಲಿಗೇ ಚಹಾ ಬರಬೇಕು. ಅಲ್ಲಿ ಇಸ್ಪೀಟ್ ಆಡುತ್ತಾ ಕೂತ ಗಂಡಸರಿಗೆ, ಯಾವಳು ಹತ್ತಿದಳು, ಯಾವಳು ಇಳಿದಳು, ಇಳಿಯುವಾಗ ಮುಖ ಹೇಗಿತ್ತು, ಎಲ್ಲವೂ ಬೇಕು. ಹೋದ ವಾರ ನಿಮ್ಮ ಸಂಸ್ಥೆಯ ಆ ಕನ್ನಡಕದ ಸಾಹೇಬರು ಬೇರೆ ಬಂದು, ನಾಚ್ಕೋಬೇಡಿ ತಾಯಂದಿರೇ, ಒಬ್ಬೊಬ್ರಾಗಿ ಬನ್ನಿ ಅಂತ ಮೈಕಿನಲ್ಲಿ ಕೂಗಿದರು. ಆ ಪಟಾಲಂ ಹೋ ಎಂದು ನಕ್ಕಿತು. ಅದೇ ಹೊತ್ತಿಗೆ ನಿಮ್ಮ ಅಕ್ಕ ಅರ್ಧ ದಿನದ ಸಂಬಳ ಬಿಟ್ಟು ಬೀದಿ ತಿರುವಿನವರೆಗೂ ಬಂದಿದ್ದರು ರೀ. ಡ್ರೈವರ್ ಸೀಟಿನಲ್ಲಿ ತಮ್ಮ, ಸುತ್ತ ಆ ನಗು. ಬಂದ ದಾರಿಯಲ್ಲೇ ವಾಪಸ್ ಬಂದರು.

ಈಗ ಆ ಸಾಹೇಬರು ನಮ್ಮ ಬೀದಿಯ ಹೆಂಗಸರಿಗೆ ಅರಿವು ಇಲ್ಲ, ವ್ಯಾನ್ ಕಳಿಸಿ ಪ್ರಯೋಜನವಿಲ್ಲ ಅಂತ ತೀರ್ಮಾನಿಸಿದ್ದಾರಂತೆ. ಈ ಗುರುವಾರವೇ ಕೊನೆ ಅಂತ ನರ್ಸಮ್ಮ ಮುಖ ಸಣ್ಣದು ಮಾಡಿಕೊಂಡು ಹೇಳಿದರು. ಅರಿವು ಇಲ್ಲವಂತೆ! ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಗಂಟು ಅಂದರೆ ಏನು ಅಂತ ಇಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿದ್ದೇ ಹೆದರಿ ಸಾಯುತ್ತಿದ್ದಾರೆ. ಊರಿನ ಆಚೆ ಬದಿಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇದೇ ವ್ಯಾನು ಕಾಂಪೌಂಡಿನ ಒಳಗೆ, ಮರೆಯಲ್ಲಿ, ಅವರು ಹೇಳಿದ ಹೊತ್ತಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಮನೆಗೊಬ್ಬ ಡಾಕ್ಟರ್ ಇದ್ದರೂ ವ್ಯಾನ್ ತುಂಬುತ್ತದೆ. ನಮ್ಮಲ್ಲಿಗೆ ಬರುವುದು ನಾವೆಲ್ಲ ಕೆಲಸದಲ್ಲಿ ಮುಳುಗಿರುವ ಹೊತ್ತಿಗೆ. ನಾವು ಕೆಲಸ ಮುಗಿಸಿ ಮೈ ತೊಳೆದುಕೊಳ್ಳುವಷ್ಟರಲ್ಲಿ ನೀವು ಹಾರ್ನ್ ಹೊಡೆದುಕೊಂಡು ಹೊರಟಾಗಿರುತ್ತದೆ.

ಅದಕ್ಕೇ ನಾವೇ ಕೂತು ಒಂದು ದಾರಿ ಮಾಡಿದ್ದೇವೆ. ಗುರುವಾರ ಬೆಳಿಗ್ಗೆ ವ್ಯಾನನ್ನು ಸೀದಾ ನಮ್ಮ ಲಾಂಡ್ರಿಯ ಅಂಗಳಕ್ಕೆ ತನ್ನಿ. ಲಾರಿ ಬರುವ ಗೇಟು, ಅಗಲ ಬೇಕಾದಷ್ಟಿದೆ. ಅವತ್ತು ಹೋಟೆಲುಗಳ ಬೆಡ್‌ಶೀಟ್ ರಾಶಿ ಬೀಳುತ್ತದೆ. ಅಷ್ಟನ್ನೂ ಹಗ್ಗದ ಮೇಲೆ ನಾಲ್ಕೂ ಕಡೆ ಹರವುತ್ತೇವೆ. ರಸ್ತೆಯಲ್ಲಿ ನಿಂತವರಿಗೆ ವ್ಯಾನೂ ಕಾಣದು, ಅಕ್ಷರವೂ ಕಾಣದು. ಯಜಮಾನಿ ಮೊದಲು ಗೊಣಗಿದರು. ಆಮೇಲೆ, ಇಬ್ಬಿಬ್ರಾಗಿ ಹೋಗಿ, ಮಷೀನ್ ಮಾತ್ರ ನಿಲ್ಲಬಾರ್ದು, ಮಧ್ಯದಲ್ಲಿ ನಂಗೂ ಒಂದು ಜಾಗ ಇಟ್ಕೊಳಿ ಎಂದರು. ಪಕ್ಕದ ಹೊಲಿಗೆ ಅಂಗಡಿಯವರಿಗೂ ಹೇಳಿಯಾಗಿದೆ. ನರ್ಸಮ್ಮ ಒಪ್ಪಿದ್ದಾರೆ. ಬಾಕಿ ಇರುವುದು ನೀವೊಬ್ಬರೇ. ಸಾಹೇಬರನ್ನ ಕೇಳ್ಬೇಕು ಅಂತ ರಾಗ ಎಳೆಯಬೇಡಿ. ಆಮೇಲೆ ಅವರೇ ಕೇಳಿದರೆ, ನನ್ನ ಹೆಂಡತಿ ಬಜಾರಿ, ಅವಳೇ ಎಳೆದುಕೊಂಡು ಹೋದಳು ಅನ್ನಿ.

ಇನ್ನೊಂದು ಮಾತು. ತಮ್ಮ ಅಲ್ಲಿದ್ರೆ ನಾನು ಹತ್ತಲ್ಲ ಅಂತ ಅತ್ತಿಗೆ ಖಂಡಿತವಾಗಿ ಹೇಳಿದ್ದಾರೆ. ವ್ಯಾನ್ ನಿಲ್ಲಿಸಿ, ಕೀ ನರ್ಸಮ್ಮನಿಗೆ ಕೊಟ್ಟು ಹೊರಟುಬಿಡಿ. ಅಕ್ಕನ ಎದುರು ಅಳುಮೋರೆ ಹಾಕಬೇಡಿ, ವಿಷಯ ಗೊತ್ತಿದೆ ಅಂತ ತೋರಿಸಿಕೊಳ್ಳಲೂ ಬೇಡಿ. ನಿಮ್ಮ ಪ್ರೀತಿಯ ಚಹಾ ಅಂಗಡಿ ಇದೆಯಲ್ಲ, ಅಲ್ಲಿ ಕೂತು ಎಷ್ಟು ಬೇಕಾದರೂ ಕುಡಿಯಿರಿ.

ಈ ಗುರುವಾರ ತಪ್ಪಿದರೆ ಅವರು ಮತ್ತೆ ಯಾವತ್ತೂ ಹತ್ತುವುದಿಲ್ಲ. ನೀವು ಬ್ಯಾಗ್ ಎತ್ತಿಕೊಂಡು ಹೋದ ದಿನ ನಿಮ್ಮನ್ನು ಬೈದು, ನನ್ನ ಪಕ್ಕ ಬಂದು ಮಲಗಿದವರು ಅವರು. ಅವರಿಲ್ಲದ ಮನೆಯಲ್ಲಿ ನನಗೆ ಇರಲು ಆಗುವುದಿಲ್ಲ ರೀ. ದಮ್ಮಯ್ಯ, ವ್ಯಾನ್ ತನ್ನಿ.

ಇಂತಿ,
ಸಿಟ್ಟು ಇನ್ನೂ ಇಳಿಯದ
ನಿಮ್ಮ ಹೆಂಡತಿ

ತಾ.ಕ.: ನೀನು ಮೊದ್ಲು ಹತ್ತು, ಆಮೇಲೆ ನಾನು ಅಂತ ಅತ್ತಿಗೆ ಈಗ ತಾನೇ ಷರತ್ತು ಹಾಕಿದರು. ಎಲ್ಲರೆದುರು ಜೋರಾಗಿ ಹೂಂ ಅಂದುಬಿಟ್ಟೆ. ಇಷ್ಟೆಲ್ಲ ಬಾಯಿ ಮಾಡಿದ ನಾನು ಭಯಕ್ಕೆ ಇವತ್ತಿನವರೆಗೂ ನನ್ನ ಮೈ ನಾನೇ ಮುಟ್ಟಿ ನೋಡಿಕೊಂಡಿಲ್ಲ. ಚಹಾ ಅಂಗಡಿಗೆ ಹೋಗಬೇಡಿ. ಗೇಟಿನ ಹೊರಗೇ, ಅತ್ತಿಗೆಯ ಕಣ್ಣಿಗೆ ಬೀಳದ ಹಾಗೆ, ನಾನು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿರಿ.