ಹಲಗೆ ಎತ್ತದ ವರ್ಷ

ಒಡ್ಡು ಒಡೆದ ಮೇಲಿನ ತೊಂಬತ್ತನೆಯ ವರ್ಷ, ಕಾರ್ತಿಕದ ನಲವತ್ತನೆಯ ದಿನ
ಹಿರೇಗಜನಿ, ಅಘನಾಶಿನಿಯ ಅಳಿವೆ

ಒಡ್ಡು ಒಡೆಯುವ ಮೊದಲು, ನಿಮ್ಮ ಕಾಲದಲ್ಲಿ ಹಿರೇಗಜನಿಯ ಹಲಗೆ ಕಾಯುವ ಮನೆಯವರಿಗೆ ಬೀರಮ್ಮ ಮಾಡುವ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡಿ. ಈಗ ಮಳೆಯೂ ತಡ, ಭತ್ತವೂ ತಡ. ಕೊಯ್ಲು ಮುಗಿಯುವ ತನಕ ಕಾರ್ತಿಕ ಮುಗಿಯಿತೆಂದು ನಾವು ಹೇಳುವುದಿಲ್ಲ, ದಿನ ಎಣಿಸುತ್ತ ಹೋಗುತ್ತೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಶಾಲೆಯ ನೆಲ ಕುಸಿಯಿತು. ಮಾಸ್ತರರು ಕೆಲವು ದಿನ ದೋಣಿಯಲ್ಲಿ ಕೂರಿಸಿ ಕಲಿಸಿದರು. ಆಮೇಲೆ ದೋಣಿ ಮೀನಿಗೆ ಬೇಕಾಯಿತು, ನನ್ನ ಓದು ಅಲ್ಲಿಗೇ ನಿಂತಿತು. ಹಾಗಾಗಿ ಬರೆದದ್ದು ಸರಿಯೋ ತಪ್ಪೋ ಎಂದು ಪ್ರತಿ ಸಾಲಿಗೂ ಹೆದರುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಮಳೆಗಾಲದಲ್ಲಿ ಒಡ್ಡಿನ ಬಾಗಿಲಿಗೆ ಹಲಗೆ ಇಳಿಸಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತೀರಿ. ಕೊಯ್ಲಾದ ಮೇಲೆ ಹಲಗೆ ಎತ್ತಿ ಸಮುದ್ರದ ಭರತದ ನೀರು ಬಿಡುತ್ತೀರಿ. ನೀರಿನ ಜೊತೆ ಸಿಗಡಿ ಬರುತ್ತದೆ, ಮೀನು ಬರುತ್ತದೆ, ಕೆಸರೂ ಬರುತ್ತದೆ. ಕೊಯ್ದು ಬಿಟ್ಟ ಹುಲ್ಲಿನ ಮೇಲೆ ಆ ಕೆಸರು ಕೂತು ಗದ್ದೆ ವರ್ಷಕ್ಕೊಂದು ಭತ್ತದ ಕಾಳಿನಷ್ಟು ಏರುತ್ತದೆ. ಮೊದಲ ಹಲಗೆ ಎತ್ತುವುದು ನಮ್ಮ ಮನೆಯ ಹೆಂಗಸಿನ ಕೈ. ಬೇರೆಯವರು ಮುಟ್ಟುವಂತಿಲ್ಲ.

ನಿಮ್ಮ ನಂತರದವರು ಸಮುದ್ರ ಏರುವುದನ್ನು ಕಂಡು ಹೆದರಿದರು. ಉಪ್ಪು ಬೇಡವೆಂದು ಹಲಗೆಯನ್ನು ಬೇಸಿಗೆಯಲ್ಲೂ ಎತ್ತಲಿಲ್ಲ. ಅವರದು ಕೆಟ್ಟ ಬುದ್ಧಿಯಲ್ಲ, ಗದ್ದೆಯ ಮೇಲಿನ ಪ್ರೀತಿ. ಆದರೆ ಒಳಗಿನ ಕಪ್ಪು ಮಣ್ಣು ಒಣಗಿ ಬಿರಿಯಿತು. ಇದನ್ನು ನಾವು ಉಸಿರುಮಣ್ಣು ಎನ್ನುತ್ತೇವೆ. ನಮ್ಮಲ್ಲಿಗೆ ಮಣ್ಣು ಅಳೆಯಲು ಬರುವ ತಾರಿಣಿ ಎಂಬ ಹುಡುಗಿ ಹೇಳುವ ಪ್ರಕಾರ, ಗಿಡಗಳು ಗಾಳಿಯಿಂದ ಎಳೆದುಕೊಂಡ ಇಂಗಾಲ ಬೇರಾಗಿ, ಎಲೆಯಾಗಿ ಕೆಸರಿನಡಿ ಹೂತು, ಕೊಳೆಯದೆ ನೂರಾರು ವರ್ಷ ಮಲಗಿರುತ್ತದಂತೆ. ಬಿರುಕಿನಲ್ಲಿ ಗಾಳಿ ಹೊಕ್ಕಿದ್ದೇ ಅದೆಲ್ಲ ಕೊಳೆತು ಮತ್ತೆ ಆಕಾಶಕ್ಕೆ ಹೋಯಿತು. ಹೋದಷ್ಟೂ ಗದ್ದೆ ತಗ್ಗಿತು. ಹೊರಗೆ ಸಮುದ್ರ ಏರಿತು, ಒಳಗೆ ನೆಲ ಇಳಿಯಿತು, ಒಂದು ಅಮಾವಾಸ್ಯೆಯ ಭರತಕ್ಕೆ ಒಡ್ಡು ಒಡೆಯಿತು.

ಉಪ್ಪು ಮೇಲಿನ ಸಿಹಿನೀರಿನ ಜೌಗಿನ ತನಕ ಹೋಯಿತು. ಅಲ್ಲಿ ಮೊದಲು ನೀರಿನಿಂದ ಗುಳ್ಳೆ ಏಳುತ್ತಿತ್ತು, ಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತಿತ್ತಂತೆ. ಉಪ್ಪು ಬಂದ ಮೇಲೆ ಗುಳ್ಳೆ ಕಡಿಮೆಯಾಯಿತು. ಪೀಡೆ ತೊಲಗಿತೆಂದು ಹಿರಿಯರು ಖುಷಿಪಟ್ಟರಂತೆ. ಆಮೇಲೆ ಕೊಳೆತ ಮೊಟ್ಟೆಯ ನಾತ ಶುರುವಾಯಿತು. ಉಪ್ಪುನೀರಿನಲ್ಲಿರುವ ಏನನ್ನೋ ಉಸಿರಾಡಿ ಬದುಕುವ ಸೂಕ್ಷ್ಮಜೀವಿಗಳು ಹಳೆಯ ಉಸಿರುಮಣ್ಣನ್ನು ಇನ್ನೂ ಬೇಗ ತಿನ್ನುತ್ತವೆ ಎನ್ನುತ್ತಾಳೆ ತಾರಿಣಿ. ಉಪ್ಪು ತಾಳದ ಜೊಂಡು ಸತ್ತಿತು. ಬೇರಿನ ಹಿಡಿತ ತಪ್ಪಿದ ನೆಲ ಅಂಬಲಿನೆಲವಾಯಿತು, ಎಂದರೆ ಮೇಲೆ ಗಟ್ಟಿಯಾಗಿ ಕಂಡು ಕಾಲಿಟ್ಟರೆ ಸೊಂಟದ ತನಕ ನುಂಗುವ ನೆಲ. ನಾವೀಗ ಹೊರಗೆ ಹೊರಟರೆ, ಹೂತರೆ ತಡೆದೀತೆಂದು ಅಡ್ಡಕ್ಕೆ ಬಿದಿರು ಹಿಡಿದು ನಡೆಯುತ್ತೇವೆ. ಮಕ್ಕಳಿಗೆ ನಡಿಗೆ ಬರುವ ಮೊದಲು ಬಿದಿರು ಹಿಡಿಯುವುದು ಬರುತ್ತದೆ. ಮನೆಗಳು ಕಂಬದ ಮೇಲಿವೆ. ಕಂಬಗಳೂ ಇಳಿಯುತ್ತವೆ, ಪ್ರತಿ ಮಳೆಗಾಲ ಮುಗಿದ ಮೇಲೆ ಅಡಿಗೆ ತುಂಡು ಸೇರಿಸುತ್ತೇವೆ. ಬಾವಿ ಎಂದರೆ ಏನೆಂದು ಮೊಮ್ಮಗಳು ಕೇಳಿದಾಗ ಗೋಡೆಯ ಮೇಲೆ ಚಿತ್ರ ಬರೆದು ತೋರಿಸಿದೆ.

ಗುಡ್ಡದ ಬುಡದಲ್ಲಿ ಒಂದೇ ಗದ್ದೆ ಉಳಿದಿದೆ, ಅದಕ್ಕೊಂದೇ ಬಾಗಿಲು. ಒಡ್ಡು ಒಡೆದ ಮೇಲೆ ಅದರ ಹಲಗೆಯನ್ನು ಪ್ರತಿ ಕೊಯ್ಲಿನ ನಂತರ ಎತ್ತುತ್ತ ಬಂದಿದ್ದೇವೆ. ಈ ಸಲ ಮಳೆ ಸಾಲದೆ ಉಪ್ಪು ತೊಳೆದು ಹೋಗಲಿಲ್ಲ, ಕಗ್ಗದ ತುದಿಯೂ ಬೆಳ್ಳಗಾಯಿತು. ಅರ್ಧ ಭತ್ತ ಜಳ್ಳು. ಊರವರು ಕೂಡಿ, ಹಲಗೆ ಎತ್ತುವುದು ಬೇಡ, ಕೆಸರು ಮೆತ್ತಿ ಪೂರಾ ಮುಚ್ಚಿಬಿಡೋಣ ಎಂದು ತೀರ್ಮಾನಿಸಿದರು. ಮೊದಲ ಹಿಡಿ ಕೆಸರು ಮೆತ್ತಬೇಕಾದವಳು ನಾನು. ನಾನು ಒಲ್ಲೆನೆಂದರೆ ಹಲಗೆ ಎತ್ತಲೇಬೇಕು, ಹಾಗಿದೆ ಪದ್ಧತಿ. ಎರಡು ದಿನ ಹೊಟ್ಟೆನೋವೆಂದು ಮಲಗಿದೆ. ನಿಜವಾಗಿಯೂ ನೋಯಿತು. ನೆರೆಮನೆಯ ನಾಗವೇಣಿ ಕಷಾಯ ತಂದುಕೊಟ್ಟು, ಬೀರಕ್ಕನ ಹೊಟ್ಟೆಗೂ ಉಪ್ಪು ಹೊಕ್ಕಿದೆ ಎಂದು ನಗಾಡಿ ಹೋದಳು.

ಅಳಿಯ ಹಮ್ಮಣ್ಣ ಬಂದ. ಹಿಂದೆ ಇದೇ ತಪ್ಪಾಯಿತಲ್ಲ, ಇದೂ ತಗ್ಗುತ್ತದೆ, ಇದೂ ಒಡೆಯುತ್ತದೆ ಎಂದು ನಾನು ಹೇಳಿದ್ದನ್ನೆಲ್ಲ ಕೇಳಿದ. ಸುಳ್ಳೆನ್ನಲಿಲ್ಲ.

"ಅತ್ತೆ, ನೆಲ ಇಳಿಯೂದು ನಂಗೂ ಗೊತ್ತಿದ್ದು. ಇಳಿಯೂದ್ರೊಳಗೆ ಎರಡು ಬೆಳೆ ತಕ್ಕಂಬ. ಉಪ್ಪುನೀರು ಒಳಗೆ ಬಿಟ್ರೆ ಬಪ್ಪ ವರ್ಷ ಮಗೂಗೆ ಎಂತ ಉಣಿಸ್ತೆ, ನೀನೇ ಹೇಳು."

ಇನ್ನೊಂದು ಗದ್ದೆಯಿದ್ದಿದ್ದರೆ ಅದರ ಭತ್ತ ತೋರಿಸುತ್ತಿದ್ದೆ. ಇವತ್ತು ಬೆಳಿಗ್ಗೆ ಹೋಗಿ ಮೊದಲ ಹಿಡಿ ಮೆತ್ತಿದೆ. ಉಳಿದದ್ದನ್ನು ಅವರು ಮೆತ್ತಿದರು. ಕೈ ತೊಳೆದಿದ್ದೇನೆ, ನಾತ ಹೋಗಿಲ್ಲ.

ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎನ್ನುವಿರಿ. ತಾರಿಣಿ ಒಮ್ಮೆ ಈ ಗದ್ದೆಯಲ್ಲಿ ಕೊಳವೆ ಇಳಿಸಿ ಮಣ್ಣು ಎತ್ತಿ ತೋರಿಸಿದ್ದಳು. ಮೇಲಿನದು ನಮ್ಮ ಕಾಲ, ಅಡಿಗೆ ಹೋದಷ್ಟೂ ಹಳೆಯ ಕಾಲ. ಮೊಳದಷ್ಟು ಕೆಳಗೆ ನಿಮ್ಮ ವರ್ಷಗಳು, ನೀವು ಬಿಟ್ಟ ಹುಲ್ಲಿನ ಎಳೆ ಇನ್ನೂ ಎಳೆಯಾಗಿಯೇ ಇತ್ತು. ಅದಕ್ಕೇ ಕಾಗದವನ್ನು ಬಾಟಲಿಗೆ ಹಾಕಿ, ಬಿದಿರಿನಿಂದ ಒತ್ತಿ ಅಷ್ಟು ಆಳಕ್ಕೆ ಇಳಿಸುತ್ತೇನೆ. ಹುಚ್ಚು ಎನ್ನಿ. ನನಗೆ ತಿಳಿದ ಅಂಚೆ ಇದೊಂದೇ.

ನಿಮ್ಮಲ್ಲಿ ಇನ್ನೂ ಹತ್ತಾರು ಗದ್ದೆ ಉಂಟು. ಒಂದು ವರ್ಷ ಒಂದರಲ್ಲಿ ಬೆಳೆ ಹೋದರೆ ಇನ್ನೊಂದು ಉಣಿಸುತ್ತದೆ. ಉಪ್ಪಿಗೆ ಹೆದರಿದ ಮೊದಲ ವರ್ಷವೂ ಕೊಯ್ಲಾದ ಮೇಲೆ ಹಲಗೆ ಎತ್ತಿ. ಊರೆಲ್ಲ ಬೈದರೂ ಎತ್ತಿ. ಕೆಸರು ಒಳಗೆ ಬರಲಿ. ಮೇಲಿನ ಜೌಗಿಗೆ ಸಿಹಿನೀರು ಇಳಿಸಿ ಉಪ್ಪನ್ನು ತಡೆಯುವ ಹಳ್ಳವನ್ನು ಬೇರೆ ಕಡೆ ತಿರುಗಿಸಬೇಡಿ.

ಬೇಗ ಓದಿಕೊಳ್ಳಿ. ಬಾಗಿಲು ಮುಚ್ಚಿದೆ, ಬೇಸಿಗೆಗೆ ಈ ಮಣ್ಣೂ ಬಿರಿಯುತ್ತದೆ. ಬಿರುಕು ಒಂದು ಮೊಳ ಇಳಿದರೆ ನಿಮ್ಮ ವರ್ಷಗಳೂ ಗಾಳಿಗೆ ಹೋಗುತ್ತವೆ. ಆಮೇಲೆ ನಾನು ಯಾರಿಗೆ ಬರೆಯಲಿ?

ಹೆದರುತ್ತಲೇ ಇರುವ ನಿಮ್ಮ ಮನೆಯವಳು,
ಬೀರಮ್ಮ